ಮೆಲ್ಬರ್ನ್‌ಗೆ ಹೋದ ಕೆಂಪಯ್ಯ ಯಾರಿಗೆ ನೆನಪಿದ್ದಾರೆ?



ಮೊನ್ನೆ ಹಲಗೇರಿಯಲ್ಲಿ ನಮ್ಮ ಕೇರಿ ಹುಡುಗ್ರು ಕೇಳಿದ್ರು: "ಅಣ್ಣಾ, ಫುಟ್‌ಬಾಲ್‌ನ್ಯಾಗ ನಮ್ಮ ಕರ್ನಾಟಕದವ್ರು ಯಾರರ ದೊಡ್ಡ ಆಟಗಾರ ಆಗ್ಯಾರೇನು?" ಅವರ ಮೊಬೈಲ್ ತುಂಬ ಮೆಸ್ಸಿ, ರೊನಾಲ್ಡೊ. ನಾನು ಕೆಂಪಯ್ಯ ಅಂದೆ. ಒಬ್ಬನಿಗೂ ಗೊತ್ತಿರಲಿಲ್ಲ. ಅದಕ್ಕೇ ಈ ಪೋಸ್ಟ್.

ಎಂ. ಕೆಂಪಯ್ಯ ಬೆಂಗಳೂರಿನವರು. ಆಗ ಹಾಫ್‌ಬ್ಯಾಕ್ ಅಂತಿದ್ರು, ಈಗ ಮಿಡ್‌ಫೀಲ್ಡರ್ ಅಂತೀವಿ. ಗೋಲು ಹೊಡೆದವನ ಹೆಸರು ಪೇಪರಿಗೆ ಬರುತ್ತೆ. ಎದುರಾಳಿಯಿಂದ ಚೆಂಡು ಕಸಿದು ಮುಂದಿನವರಿಗೆ ದಾಟಿಸೋನ ಹೆಸರು ಬರೋದಿಲ್ಲ. ದುಡಿಯೋರ ಕಥೆ ಎಲ್ಲಾ ಕಡೆ ಇಷ್ಟೇ.

1956ರ ಮೆಲ್ಬರ್ನ್ ಒಲಿಂಪಿಕ್ಸ್‌ಗೆ ಕೋಚ್ ರಹೀಮ್ ಸಾಹೇಬರ ತಂಡದಲ್ಲಿ ಕೆಂಪಯ್ಯ ಹೋದರು. ಡಿಸೆಂಬರ್ 1ರಂದು ಭಾರತ ಆಸ್ಟ್ರೇಲಿಯಾವನ್ನು ಅದರ ನೆಲದಲ್ಲೇ 4-2ರಿಂದ ಸೋಲಿಸಿತು. ಒಲಿಂಪಿಕ್ಸ್ ಫುಟ್‌ಬಾಲ್ ಸೆಮಿಫೈನಲ್ ಮುಟ್ಟಿದ ಏಷ್ಯಾದ ಮೊದಲ ದೇಶ ನಮ್ಮದು. ಅಲ್ಲಿ ಯುಗೊಸ್ಲಾವಿಯಾ ಎದುರು 1-4ರ ಸೋಲು. ಡಿಸೆಂಬರ್ 6, ದೆಹಲಿಯಲ್ಲಿ ಬಾಬಾಸಾಹೇಬರ ಪರಿನಿರ್ವಾಣ. ಮರುದಿನವೇ ಕಂಚಿನ ಪಂದ್ಯ. ಬಲ್ಗೇರಿಯಾ ಎದುರು 0-3ರಿಂದ ಸೋತು ನಾಲ್ಕನೇ ಸ್ಥಾನ. ಅದಕ್ಕಿಂತ ಮೇಲೆ ನಾವು ಇವತ್ತಿಗೂ ಹೋಗಿಲ್ಲ. 1960ರ ರೋಮ್ ಒಲಿಂಪಿಕ್ಸ್ ತಂಡದಲ್ಲೂ ಕೆಂಪಯ್ಯ ಇದ್ದರು. ಕಲ್ಕತ್ತದ ಮೋಹನ್ ಬಗಾನ್‌ಗೂ ಆಡಿದರು.

ಆ ಕಾಲದಲ್ಲಿ ಆಟಗಾರರಿಗೆ ಇವತ್ತಿನಂಗೆ ಕೋಟಿ ಕಾಂಟ್ರ್ಯಾಕ್ಟ್ ಇರಲಿಲ್ಲ. ಅನ್ನ ಕೊಟ್ಟಿದ್ದು ನೌಕರಿ. ಬೆಂಗಳೂರಿನಲ್ಲಿ ಎಚ್‌ಎಎಲ್, ಐಟಿಐಯಂಥ ಸರ್ಕಾರಿ ಕಾರ್ಖಾನೆಗಳು ತಂಡ ಕಟ್ಟಿದವು, ಬಡವರ ಮಕ್ಕಳಿಗೆ ಚೆಂಡಿನ ಜೊತೆ ಸಂಬಳ ಕೊಟ್ಟವು. ಹಲಸೂರಿನ ಹತ್ತಿರ ಗೌತಮಪುರ ಐತಿ, 'ಮಿನಿ ಬ್ರೆಜಿಲ್' ಅಂತಾರೆ. ಅಲ್ಲಿ ಅಂಬೇಡ್ಕರ್ ಪ್ರತಿಮೆಯೂ ಉಂಟು, ಪೆಲೆ ಪ್ರತಿಮೆಯೂ ಉಂಟು. ಅಂಥ ಕೇರಿಗಳಿಂದಲೇ ಆಟಗಾರರು ಎದ್ದು ಬಂದರು. ಮೈಸೂರು ರಾಜ್ಯ ನಾಲ್ಕು ಸಲ ಸಂತೋಷ್ ಟ್ರೋಫಿ ಗೆದ್ದಿತು. 1968-69ರ ನಂತರ ಮುಂದಿನ ಗೆಲುವಿಗೆ 54 ವರ್ಷ ಕಾಯಬೇಕಾಯ್ತು: 2023ರಲ್ಲಿ, ರಿಯಾದ್‌ನಲ್ಲಿ.

ಎಚ್‌ಎಎಲ್ ತಂಡ 2011-12ರಲ್ಲಿ ಐ-ಲೀಗ್‌ನಿಂದ ಕೆಳಗಿಳಿಯಿತು. 2013ರಲ್ಲಿ ಖಾಸಗಿ ಕಂಪನಿಯ ಬೆಂಗಳೂರು ಎಫ್‌ಸಿ ಬಂತು, ಮೊದಲ ವರ್ಷವೇ ಚಾಂಪಿಯನ್ ಆಯ್ತು. ಖುಷಿಯೇ. ಆದ್ರೆ ಖಾಸಗಿಯಲ್ಲಿ ಮೀಸಲಾತಿ ಇಲ್ಲ, ಅಕಾಡೆಮಿಗೆ ಫೀಸು ಕಟ್ಟೋ ಶಕ್ತಿ ನಮ್ಮ ಕೂಲಿಯವರಿಗೆ ಇಲ್ಲ. ಸರ್ಕಾರಿ ನೌಕರಿ ಕಡಿಮೆ ಆದಷ್ಟೂ ನಮ್ಮ ಮಕ್ಕಳಿಗೆ ಮೈದಾನದ ಬಾಗಿಲೂ ಕಿರಿದಾಗ್ತದೆ. ಖಾಸಗೀಕರಣ ಅಂದ್ರೆ ಬರೀ ಆಫೀಸಿನ ವಿಷಯ ಅಲ್ಲ ಅಂತ ಹೇಳೋದು ಇದಕ್ಕೇ.

ಇದು ಕೆಂಪಯ್ಯನವರ ಜಾತಿ ಹುಡುಕೋ ಪೋಸ್ಟ್ ಅಲ್ಲ. ನಡುವೆ ನಿಂತು ದುಡಿದವರ ಹೆಸರು ಹೇಳೋ ಪೋಸ್ಟ್.

ನಮ್ಮ ಹುಡುಗ್ರಿಗೆ ಒಂದು ಮೈದಾನ, ಎರಡು ಗೋಲ್‌ಪೋಸ್ಟ್ ಬೇಕು ಅಂತ ಅರ್ಜಿ ಬರೆದಿಟ್ಟೀನಿ. ಗುಮಾಸ್ತ ನಾನು, ಅರ್ಜಿ ಬರೆಯೋದು ನನ್ನ ಕೆಲಸ. ಭಾನುವಾರ ಬಂದು ಸಹಿ ಮಾಡೋದು ನಿಮ್ಮ ಕೆಲಸ.

ಜೈ ಭೀಮ್.