ಜಯಲಕ್ಷ್ಮೀವಿಲಾಸದ ಮೂರು ಒಕ್ಕಲು

ಹೊಸ ಮನೆಗೆ ಜನ ಬಂದು ನೆಲಸುವುದನ್ನು ನಮ್ಮ ನಾಡಿನಲ್ಲಿ ಒಕ್ಕಲಾಗುವುದೆಂದು ಹೇಳುವ ವಾಡಿಕೆಯುಂಟು. ಗೃಹಪ್ರವೇಶಕ್ಕೆ ಮನೆಯೊಕ್ಕಲೆಂಬ ಹೆಸರು ಬಂದುದೂ ಇದರಿಂದಲೇ. ಸಣ್ಣ ಮನೆಯಾದರೆ ಒಂದು ಸಂಸಾರ ಬಿಟ್ಟೊಡನೆ ಮತ್ತೊಂದು ಸಂಸಾರ ಬಂದು ಒಲೆ ಹೊತ್ತಿಸುತ್ತದೆ. ಅರಮನೆಯಂತಹ ದೊಡ್ಡ ಮನೆಯ ಪಾಡು ಹಾಗಲ್ಲ. ಅದನ್ನು ಕಟ್ಟಿಸಿದವರ ಕಾಲ ಮುಗಿದ ಮೇಲೆ ಅಲ್ಲಿ ಒಕ್ಕಲಾಗುವ ಶಕ್ತಿ ಇನ್ನೊಂದು ಸಂಸಾರಕ್ಕೆ ಇರುವುದಿಲ್ಲ. ಆಗ ಅದು ಹೊಸ ಕೆಲಸವೊಂದನ್ನು ಹುಡುಕಿಕೊಳ್ಳಬೇಕು. ಇಲ್ಲವೇ ಪಾರಿವಾಳಗಳಿಗೂ ಅರಳಿಯ ಗಿಡಗಳಿಗೂ ಎಡೆಯಾಗಬೇಕು. ಮೈಸೂರು ನಗರದ ಪಶ್ಚಿಮದಲ್ಲಿ, ಕುಕ್ಕರಹಳ್ಳಿ ಕೆರೆಯ ಸಮೀಪದಲ್ಲಿ ನಿಂತಿರುವ ಜಯಲಕ್ಷ್ಮೀವಿಲಾಸದ ಚರಿತ್ರೆಯಲ್ಲಿ ಈ ಎರಡು ಗತಿಗಳೂ ಕಾಣಬರುವುದರಿಂದ ಅದನ್ನು ಇಲ್ಲಿ ವಿಚಾರಮಾಡಲು ಇಚ್ಛಿಸುತ್ತೇವೆ.

ಈ ಕಥೆಯು ಒಂದು ಮದುವೆಯಿಂದಲೂ ಒಂದು ಬೆಂಕಿಯಿಂದಲೂ ಮೊದಲಾಗುತ್ತದೆ. ಹತ್ತನೆಯ ಚಾಮರಾಜ ಒಡೆಯರ ಹಿರಿಯ ಕುಮಾರಿ ಜಯಲಕ್ಷ್ಮಮ್ಮಣ್ಣಿಯವರ ವಿವಾಹವು ೧೮೯೭ರಲ್ಲಿ ಸರದಾರ್ ಎಂ. ಕಾಂತರಾಜ ಅರಸರೊಡನೆ ನೆರವೇರಿತು. ಆ ಉತ್ಸವದ ಸಂದರ್ಭದಲ್ಲಿಯೇ ಕೋಟೆಯೊಳಗಿನ ಮರದ ಹಳೆಯ ಅರಮನೆಗೆ ಬೆಂಕಿ ತಗಲಿ, ಅದರ ಬಹುಭಾಗ ಬೂದಿಯಾಯಿತು. ರಾಜ್ಯಭಾರವು ಆಗ ರಾಜಪ್ರತಿನಿಧಿಯಾಗಿದ್ದ ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣೀವಿಲಾಸ ಸನ್ನಿಧಾನದವರ ಕೈಯಲ್ಲಿತ್ತು. ಅವರು ಹೆನ್ರಿ ಅರ್ವಿನ್ ಎಂಬ ಶಿಲ್ಪಿಯಿಂದ ಕಲ್ಲು, ಇಟ್ಟಿಗೆ, ಉಕ್ಕುಗಳ ಹೊಸ ಅರಮನೆಯನ್ನು ಕಟ್ಟಿಸಲು ತೊಡಗಿದರು; ಅದು ಮುಗಿದುದು ೧೯೧೨ರಲ್ಲಿ. ಆ ನಡುವಣ ವರ್ಷಗಳಲ್ಲಿ ರಾಜಪರಿವಾರಕ್ಕೆ ಆಶ್ರಯವಾದುದು ಜಗನ್ಮೋಹನ ಅರಮನೆ. ತನ್ನ ವಿವಾಹಕಾಲದಲ್ಲಿಯೇ ತವರು ಬೆಂದುಹೋದ ಆ ರಾಜಕುಮಾರಿಗಾಗಿ ೧೯೦೫ರಲ್ಲಿ ಪಶ್ಚಿಮದ ಬಯಲಿನ ದಿಣ್ಣೆಯ ಮೇಲೆ ಎದ್ದ ಭವನವೇ ಜಯಲಕ್ಷ್ಮೀವಿಲಾಸ.

ಊರಿನ ಹೊರಗೆ ಏಕೆ ಕಟ್ಟಿಸಿದರೆಂಬುದು ಆ ಕಾಲವನ್ನು ನೆನೆದರೆ ಅರ್ಥವಾಗುತ್ತದೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪ್ಲೇಗು ಮೈಸೂರನ್ನು ಹೊಕ್ಕು ಇಕ್ಕಟ್ಟಿನ ಬೀದಿಗಳ ಜನರನ್ನು ಕಂಗೆಡಿಸಿತ್ತು. ಗಾಳಿ ಬೆಳಕುಗಳಿಗಾಗಿ ಊರು ಹೊರಕ್ಕೆ ಹರಡಬೇಕೆಂಬ ವಿವೇಕ ಆಗ ಹುಟ್ಟಿತು. ೧೯೦೩ರಲ್ಲಿ ನಗರಾಭಿವೃದ್ಧಿ ಮಂಡಲಿ ಸ್ಥಾಪಿತವಾದುದೂ ಅದರ ಫಲವೇ. ಹೊರವಲಯದ ಮಹಲುಗಳೂ ಆ ದಿನಗಳಲ್ಲಿಯೇ ಒಂದೊಂದಾಗಿ ತಲೆಯೆತ್ತಿದವು.

ಜಯಲಕ್ಷ್ಮೀವಿಲಾಸದ ಹೊರಮೈ ಐರೋಪ್ಯ ರೀತಿಯದು. ಜೋಡಿಗಂಬಗಳು, ಅವುಗಳ ಮೇಲೆ ತ್ರಿಕೋಣದ ಮುಖಭಾಗ, ಗಾಳಿಗಾಗಿ ತೆರೆದ ಅಂಡಾಕಾರದ ಗವಾಕ್ಷಗಳು ಕಣ್ಣಿಗೆ ಬೀಳುತ್ತವೆ. ಒಳಹೊಕ್ಕರೆ ನಮ್ಮ ನಾಡಿನ ಮನೆಯ ಲಕ್ಷಣಗಳು ಕಾಣುತ್ತವೆ: ಕೆತ್ತನೆಯ ಬಾಗಿಲುಗಳು, ಕಂಬಗಳ ಕಲ್ಯಾಣಮಂಟಪ, ಅದರ ಮೇಲೆ ಬಣ್ಣದ ಗಾಜಿನ ಬೆಳಕು. ಅಂತಃಪುರದ ಸ್ತ್ರೀಯರು ಪರರ ಕಣ್ಣಿಗೆ ಬೀಳದೆ ಮಂಟಪಕ್ಕೆ ಬಂದುಹೋಗಲೆಂದು ಮರದ ಸೇತುವೆಯೊಂದನ್ನೂ ರಚಿಸಿದ್ದರು. ನೂರಕ್ಕೂ ಮೇಲ್ಪಟ್ಟ ಕೋಣೆಗಳ ಈ ಭವನವು ಮೊದಲ ಒಕ್ಕಲಿನ ಕಾಲದಲ್ಲಿ ಒಂದು ಸಂಸಾರದ ಮರ್ಯಾದೆಯನ್ನು ಕಾಯುವುದಕ್ಕಾಗಿ ಏರ್ಪಟ್ಟುದೆಂಬುದನ್ನು ಆ ಸೇತುವೆಯೊಂದೇ ಸಾರುತ್ತದೆ. ಆದರೂ ಆ ಸಂಸಾರವು ರಾಜ್ಯಕಾರ್ಯಕ್ಕೆ ಹೊರತಾಗಿರಲಿಲ್ಲ. ಸರ್ ಎಂ. ವಿಶ್ವೇಶ್ವರಯ್ಯನವರ ತರುವಾಯ ಕಾಂತರಾಜ ಅರಸರು ಮೈಸೂರಿನ ದಿವಾನರಾಗಿ ೧೯೨೨ರವರೆಗೆ ಆ ಪದವಿಯಲ್ಲಿದ್ದರು.

ಇಂತಹ ಮನೆಗಳನ್ನು ಪೋಷಿಸುತ್ತಿದ್ದುದು ಒಂದು ರಾಜ್ಯವ್ಯವಸ್ಥೆ. ಅದು ಬದಲಾದೊಡನೆ ಅವುಗಳ ಬಾಳೂ ಬದಲಾಗಲೇಬೇಕಾಯಿತು. ೧೯೪೭ರ ತರುವಾಯ ರಾಜ್ಯಾಧಿಕಾರವು ಪ್ರಜೆಗಳ ಪ್ರತಿನಿಧಿಗಳಿಗೆ ಬಂದ ಮೇಲೆ ನೂರಾರು ಕೋಣೆಗಳನ್ನು ಗುಡಿಸಿ, ದೀಪ ಹಚ್ಚಿ, ವರ್ಷವರ್ಷವೂ ಸುಣ್ಣ ಬಳಿಸುವ ಪರಿವಾರ ಎಲ್ಲಿಂದ ಬಂದೀತು? ಮೂರನೆಯ ರಾಜಕುಮಾರಿ ಚೆಲುವಾಜಮ್ಮಣ್ಣಿಯವರ ಮಹಲು ಆಹಾರ ಸಂಶೋಧನೆಗೆ ದೊರೆತು, ೧೯೫೦ರಲ್ಲಿ ಅಲ್ಲಿ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯ ತೆರೆಯಿತು. ಕಾರಂಜಿ ಮಹಲು ಅಂಚೆಯವರ ತರಬೇತಿ ಶಾಲೆಯಾಯಿತು. ವೈಸ್‌ರಾಯರ ಬಿಡಾರಕ್ಕೆಂದು ಕಟ್ಟಿಸಿದ ಲಲಿತಮಹಲು ೧೯೭೪ರಲ್ಲಿ ಹೋಟೆಲಾಯಿತು. ಮನೆಯ ಕೆಲಸ ಬದಲಾಗುವುದಕ್ಕೆ ರಾಜ್ಯವೇ ಬದಲಾಗಬೇಕೆಂಬ ನಿಯಮವಿಲ್ಲವೆಂಬುದನ್ನು ಆಕಾಶವಾಣಿಯ ಕೇಳುಗರು ಚೆನ್ನಾಗಿ ಬಲ್ಲರು. ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಆಚಾರ್ಯರಾಗಿದ್ದ ಡಾಕ್ಟರ್ ಎಂ. ವಿ. ಗೋಪಾಲಸ್ವಾಮಿಯವರು ೧೯೩೫ರ ಸೆಪ್ಟೆಂಬರ್ ೧೦ರಂದು ಒಂಟಿಕೊಪ್ಪಲಿನ ತಮ್ಮ ವಾಸದ ಮನೆ ‘ವಿಠ್ಠಲವಿಹಾರ’ದಿಂದಲೇ ಬಾನುಲಿಯ ಪ್ರಸಾರವನ್ನು ಆರಂಭಿಸಿದುದು ಪ್ರಸಿದ್ಧವಾಗಿದೆ. ಆಕಾಶವಾಣಿಯೆಂಬ ಹೆಸರು ನಾಡಿಗೆಲ್ಲ ಹಬ್ಬಿದುದು ಆ ಒಂದು ಮನೆಯಿಂದ.

ಜಯಲಕ್ಷ್ಮೀವಿಲಾಸಕ್ಕೆ ಎರಡನೆಯ ಒಕ್ಕಲು ಒದಗಿದುದು ೧೯೫೯ರಲ್ಲಿ. ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದ ಕುವೆಂಪು ಅವರು ಸ್ನಾತಕೋತ್ತರ ವಿದ್ಯೆಗೆಲ್ಲ ಒಂದೇ ನೆಲೆ ಬೇಕೆಂದು ಸಂಕಲ್ಪಿಸಿ, ಈ ಭವನವು ವಿಶ್ವವಿದ್ಯಾನಿಲಯಕ್ಕೆ ಸೇರುವಂತೆ ಶ್ರಮಿಸಿದರು. ಅದರ ಸುತ್ತ ಬೆಳೆದ ವಿದ್ಯಾಕ್ಷೇತ್ರಕ್ಕೆ ‘ಮಾನಸಗಂಗೋತ್ರಿ’ ಎಂದು ಹೆಸರಿಟ್ಟವರೂ ಅವರೇ. ಒಂದು ಕುಟುಂಬದ ಏಕಾಂತಕ್ಕೆಂದು ರಚಿಸಿದ ಆವರಣಕ್ಕೆ ನಾಡಿನ ಮೂಲೆಮೂಲೆಗಳ ರೈತರ ಮಕ್ಕಳೂ, ಕುಶಲಕರ್ಮಿಗಳ ಮಕ್ಕಳೂ, ಗಂಡುಹೆಣ್ಣೆಂಬ ಭೇದವಿಲ್ಲದೆ ಪುಸ್ತಕ ಹಿಡಿದು ಬಂದುಹೋಗತೊಡಗಿದರು. ಕಾಣಿಸಿಕೊಳ್ಳದೆ ನಡೆಯಲೆಂದು ಹೆಂಗಸರಿಗಾಗಿ ಸೇತುವೆ ಕಟ್ಟಿಸಿದ್ದ ಮನೆಯ ಅಂಗಳದಲ್ಲಿ ಅರ್ಧ ಶತಮಾನವು ಕಳೆಯುವಷ್ಟರಲ್ಲಿಯೇ ಹೆಣ್ಣುಮಕ್ಕಳು ಎಲ್ಲರೆದುರು ವಿದ್ಯೆ ಕಲಿಯಲು ಬಂದರೆಂಬುದು ಚಿಕ್ಕ ಸಂಗತಿಯಲ್ಲ.

ಮೂರನೆಯ ಒಕ್ಕಲು ಇನ್ನೂ ವಿಚಿತ್ರವಾದುದು. ೧೯೬೦ರ ದಶಕದ ಕೊನೆಯ ಹೊತ್ತಿಗೆ ಈ ಭವನದಲ್ಲಿ ಜಾನಪದ ವಸ್ತುಸಂಗ್ರಹಾಲಯವು ರೂಪುಗೊಂಡಿತು. ಡಾಕ್ಟರ್ ದೇ. ಜವರೇಗೌಡ, ಡಾಕ್ಟರ್ ಜೀ. ಶಂ. ಪರಮಶಿವಯ್ಯ ಮೊದಲಾದವರ ಉತ್ಸಾಹದೊಡನೆ ಚಿತ್ರಕಾರರಾದ ಪಿ. ಆರ್. ತಿಪ್ಪೇಸ್ವಾಮಿಯವರ ದುಡಿಮೆಯೂ ಕೂಡಿಬಂದಿತು. ತಿಪ್ಪೇಸ್ವಾಮಿಯವರು ಚಿತ್ರದುರ್ಗ ಸೀಮೆಯ ಹಿರಿಯೂರು ತಾಲ್ಲೂಕಿನ ಹರ್ತಿಕೋಟೆಯವರು. ಆ ಹಿರಿಯೂರಿನ ಸಮೀಪದಲ್ಲಿಯೇ ವೇದಾವತಿ ನದಿಗೆ ಮಾರಿಕಣಿವೆಯಲ್ಲಿ ಕಟ್ಟೆ ಕಟ್ಟಿ, ೧೯೦೭ರಲ್ಲಿ ಮುಗಿದ ಜಲಾಶಯಕ್ಕೆ ವಾಣೀವಿಲಾಸಸಾಗರವೆಂದು ಹೆಸರಿಟ್ಟರು. ಆ ಹೆಸರು ಜಯಲಕ್ಷ್ಮಮ್ಮಣ್ಣಿಯವರ ತಾಯಿಯದು. ತಾಯಿಯ ಹೆಸರಿನ ಕೆರೆ ಯಾವ ಸೀಮೆಗೆ ನೀರು ಕೊಟ್ಟಿತೋ ಆ ಸೀಮೆಯ ಹಳ್ಳಿಯ ಮಗನೊಬ್ಬನು ಮಗಳ ಮಹಲಿನಲ್ಲಿ ಹಳ್ಳಿಯ ಬದುಕಿಗೆ ಸ್ಥಾನ ದೊರಕಿಸಿದನು.

ಸಂಗ್ರಹಾಲಯದ ವಸ್ತುಗಳ ಸಂಖ್ಯೆ ಆರು ಸಾವಿರಕ್ಕೂ ಮೀರಿದುದು. ತೊಗಲುಬೊಂಬೆ, ಸೂತ್ರದ ಬೊಂಬೆ, ಸೋಮನ ಕುಣಿತದ ಮುಖಗಳು, ಯಕ್ಷಗಾನದ ವೇಷಭೂಷಣಗಳು, ಅಡಿಗೆಯ ಪಾತ್ರೆಗಳು, ವ್ಯವಸಾಯದ ಉಪಕರಣಗಳು, ಜನಸಾಮಾನ್ಯರ ಆಭರಣಗಳು ಅಲ್ಲಿ ಸೇರಿದವು. ಹೊರಕೆರೆದೇವಪುರ, ಹೊಸದುರ್ಗ, ಹೊಳಲ್ಕೆರೆಗಳ ಕಡೆಯ ಮನೆಗಳಲ್ಲಿ ಇಂತಹ ಒನಕೆ, ಮೊರ, ವಾಡೆಗಳನ್ನು ಅಜ್ಜಿಯರು ದಿನವೂ ಬಳಸುತ್ತಿದ್ದರು. ಅವು ಸಂರಕ್ಷಿಸತಕ್ಕ ವಸ್ತುಗಳೆಂದು ಅವರಿಗೆ ತೋರಿರಲಾರದು. ಹಿತ್ತಾಳೆ ಪಾತ್ರೆ ಹೋಗಿ ಉಕ್ಕಿನ ಪಾತ್ರೆ ಬಂದ ಕಾಲ ಅದು. ಒಂದು ತಲೆಮಾರು ತಡಮಾಡಿದ್ದರೆ ಇವುಗಳಲ್ಲಿ ಎಷ್ಟೋ ವಸ್ತುಗಳು ಗುಜರಿಯವರ ತಕ್ಕಡಿಗೆ ಬೀಳುತ್ತಿದ್ದುವು. ರಾಜಕುಮಾರಿಯ ಕೋಣೆಗಳಲ್ಲಿ ಒಕ್ಕಲಿಗನ ನೇಗಿಲು ಒಕ್ಕಲಾದುದನ್ನು ವಿನೋದವೆಂದು ಕೆಲವರು ಎಣಿಸಬಹುದು. ನಮಗೆ ಅದು ನ್ಯಾಯವೆಂದು ತೋರುತ್ತದೆ. ಮಹಲುಗಳು ಎದ್ದುದು ಆ ನೇಗಿಲಿನಿಂದ ಬಂದ ಕಂದಾಯದ ಬಲದಿಂದಲ್ಲವೇ?

ಆದರೆ ಹೊಸ ಒಕ್ಕಲು ಸಿಕ್ಕಿತೆಂದ ಮಾತ್ರಕ್ಕೆ ಮನೆ ಉಳಿಯಿತೆಂದು ತಿಳಿಯಬಾರದು. ಮರ, ಗಾರೆ, ಇಟ್ಟಿಗೆಗಳ ಕಟ್ಟಡಕ್ಕೆ ಪರಮಶತ್ರು ನೀರು. ಮಾಳಿಗೆಯ ಗಾರೆ ಒಂದು ಕಡೆ ಬಿರಿದರೆ ಮಳೆಗಾಲದ ನೀರು ತೊಲೆಯ ತುದಿಗೆ ಇಳಿಯುತ್ತದೆ. ತೊಲೆಯ ತುದಿ ಕೊಳೆತರೆ ಅದರ ಮೇಲಿನ ಮಾಳಿಗೆ ಕುಸಿಯುತ್ತದೆ. ಸಂಸಾರವಿರುವ ಮನೆಯಲ್ಲಿ ಮೊದಲ ಹನಿ ಬಿದ್ದಾಗಲೇ ಯಾರಾದರೊಬ್ಬರು ಪಾತ್ರೆಯಿಟ್ಟು, ಮರುದಿನ ಕೆಲಸದವನನ್ನು ಕರೆಸುತ್ತಾರೆ. ಯಾವ ಕೋಣೆಗೆ ಬೀಗ ಬಿದ್ದಿದೆಯೋ ಅಲ್ಲಿ ಹನಿಯ ಸದ್ದು ಕೇಳುವವರಿಲ್ಲ. ಜಯಲಕ್ಷ್ಮೀವಿಲಾಸವೂ ಕಾಲಕ್ರಮದಲ್ಲಿ ಇಂತಹ ದುರವಸ್ಥೆಗೆ ಈಡಾಯಿತು. ೨೦೦೨ರಲ್ಲಿ ಇನ್ಫೋಸಿಸ್ ಪ್ರತಿಷ್ಠಾನದವರ ನೆರವಿನಿಂದ ಕೋಟಿ ರೂಪಾಯಿಗಳಿಗೂ ಮಿಕ್ಕ ವೆಚ್ಚದ ಜೀರ್ಣೋದ್ಧಾರ ಕೈಗೊಂಡರು. ಅದಾದ ಎರಡು ದಶಕಗಳೊಳಗೆ ಭವನವು ಮತ್ತೆ ಶಿಥಿಲವಾಗಿ, ಮತ್ತೊಮ್ಮೆ ದುರಸ್ತಿಗೆ ಕೈಯಿಕ್ಕಬೇಕಾಯಿತು; ಈ ಸಲ ಅಮೆರಿಕಾ ಸರ್ಕಾರದ ಸಾಂಸ್ಕೃತಿಕ ಸಂರಕ್ಷಣಾ ನಿಧಿಯ ಸಹಾಯವೂ ಒದಗಿತು.

ಇದರಿಂದ ನಾವು ಗ್ರಹಿಸಬೇಕಾದುದು ಇಷ್ಟು. ದಾನವು ಎಷ್ಟೇ ದೊಡ್ಡದಾದರೂ ಒಂದು ಸಲ ಬರುವಂಥದು. ಮಳೆ ಪ್ರತಿವರ್ಷವೂ ಬರುತ್ತದೆ. ಹಿಂದೆ ಸಂಸಾರವೊಂದು ತನ್ನ ಮನೆಯೆಂಬ ಅಭಿಮಾನದಿಂದ ದಿನವೂ ಮಾಡುತ್ತಿದ್ದ ಸಣ್ಣ ಕೆಲಸವನ್ನು ಈಗ ಸಂಸ್ಥೆಯು ತನ್ನ ಕರ್ತವ್ಯವೆಂದು ಮಾಡಬೇಕು. ವರ್ಷಕ್ಕೊಮ್ಮೆ, ಮುಂಗಾರಿಗೆ ಮೊದಲು, ಮಾಳಿಗೆಯನ್ನು ನೋಡಿಸಿ ಗಾರೆ ಹಾಕಿಸುವುದಕ್ಕೆ ನಿಶ್ಚಿತವಾದ ಹಣವೂ, ಅದಕ್ಕೆ ಜವಾಬುದಾರನಾದ ಒಬ್ಬ ಮನುಷ್ಯನೂ, ಗಾರೆಯ ಕೆಲಸ ಬಲ್ಲ ಕೈಗಳೂ ಇದ್ದರೆ ಕೋಟಿಗಳ ಅಗತ್ಯ ಅಪರೂಪವಾದೀತು. ಜನರ ಸಂಚಾರವೂ ಅಷ್ಟೇ ಮುಖ್ಯ. ಶಾಲೆಯ ಮಕ್ಕಳು ಬಂದು ಬೊಂಬೆಗಳನ್ನು ನೋಡುವ ಕೋಣೆಯಲ್ಲಿ ಗೆದ್ದಲು ಬಹುಕಾಲ ಗುಟ್ಟಾಗಿ ಇರಲಾರದು.

ಮೂರು ಒಕ್ಕಲುಗಳೂ ಜಯಲಕ್ಷ್ಮೀವಿಲಾಸಕ್ಕೆ ಒಂದೊಂದು ಅರ್ಥವನ್ನು ಕೊಟ್ಟಿವೆ. ರಾಜಕುಮಾರಿಯ ಕಾಲದಲ್ಲಿ ಅದಕ್ಕೆ ಅಂದ ಬಂದಿತು. ವಿದ್ಯಾರ್ಥಿಗಳ ಕಾಲದಲ್ಲಿ ಬಾಗಿಲು ತೆರೆಯಿತು. ಹಳ್ಳಿಯ ವಸ್ತುಗಳ ಕಾಲದಲ್ಲಿ ನಾಡಿನ ನೆನಪಿಗೆ ಅದು ಉಗ್ರಾಣವಾಯಿತು. ಈಗ ಆ ಉಗ್ರಾಣದ ಮಾಳಿಗೆ ಸೋರದಂತೆ ನೋಡಿಕೊಳ್ಳುವ ಹೊಣೆ ನಮ್ಮ ತಲೆಮಾರಿನ ಮೇಲಿದೆ. ಅದು ಸೋರಿದರೆ ನೆನೆಯುವುದು ಅರಸರ ಗೋಡೆಗಳು ಮಾತ್ರವಲ್ಲ. ನಮ್ಮ ಅಜ್ಜಿಯರ ಮೊರವೂ ವಾಡೆಯೂ ಅದರೊಡನೆ ನೆನೆಯುತ್ತವೆ.