ಸಂಬಳ 13 ಸಾವಿರ, ಸವಾರಿ ಬಿಎಂಡಬ್ಲ್ಯು: ನೌಕರರು ಸಂಸ್ಥೆಯ ಹಣ ನುಂಗುವುದು ಹೇಗೆ?

ತಿಂಗಳಿಗೆ 13 ಸಾವಿರ ರೂಪಾಯಿ ಸಂಬಳದ ಗುತ್ತಿಗೆ ನೌಕರ. ಓಡಾಡಲು ಕೋಟಿ ಬೆಲೆಯ ಬಿಎಂಡಬ್ಲ್ಯು ಕಾರು, ಅದೇ ಕಂಪನಿಯ ಬೈಕು, ಗೆಳತಿಗೆ ನಾಲ್ಕು ಕೋಣೆಯ ಫ್ಲ್ಯಾಟು! ಮಹಾರಾಷ್ಟ್ರದ ಛತ್ರಪತಿ ಸಂಭಾಜಿನಗರದ (ಹಿಂದಿನ ಔರಂಗಾಬಾದ್) ವಿಭಾಗೀಯ ಕ್ರೀಡಾ ಸಂಕೀರ್ಣದಲ್ಲಿ 2024ರ ಡಿಸೆಂಬರ್‌ನಲ್ಲಿ ಬಯಲಾದ ಪ್ರಕರಣವಿದು. ಸಂಕೀರ್ಣದ ಬ್ಯಾಂಕ್ ಖಾತೆಯಿಂದ ಸುಮಾರು 21 ಕೋಟಿ 59 ಲಕ್ಷ ರೂಪಾಯಿ ಮಾಯವಾಗಿತ್ತು.

ಪೊಲೀಸರು ಹೇಳಿದ ಪ್ರಕಾರ, ಕಂಪ್ಯೂಟರ್ ಆಪರೇಟರ್ ಆಗಿದ್ದ ಯುವಕ ಕಚೇರಿಯ ಹಳೆಯ ಲೆಟರ್‌ಹೆಡ್ ಬಳಸಿ, ಖಾತೆಗೆ ಜೋಡಿಸಿದ್ದ ಇಮೇಲ್ ವಿಳಾಸ ಬದಲಿಸುವಂತೆ ಬ್ಯಾಂಕಿಗೆ ಪತ್ರ ಕಳಿಸಿದ. ಹೊಸ ವಿಳಾಸಕ್ಕೂ ಹಳೆಯದಕ್ಕೂ ಒಂದೇ ಅಕ್ಷರದ ವ್ಯತ್ಯಾಸ. ಆಮೇಲೆ ನೆಟ್ ಬ್ಯಾಂಕಿಂಗ್ ಶುರುವಾಯಿತು, ಒಟಿಪಿಗಳು ಅವನ ಕೈಗೇ ಬಂದವು. 2024ರ ಜುಲೈಯಿಂದ ಡಿಸೆಂಬರ್‌ವರೆಗೆ ಹಣ ಹಲವು ಖಾತೆಗಳಿಗೆ ಹರಿದುಹೋಯಿತು. ಇದು ಪೊಲೀಸರ ಆರೋಪ. ತಪ್ಪಿತಸ್ಥರು ಯಾರೆಂದು ತೀರ್ಮಾನಿಸುವುದು ನ್ಯಾಯಾಲಯ. ಆದರೆ ಸುಮಾರು ಐದು ತಿಂಗಳು ಖಾತೆಯ ಲೆಕ್ಕ ಯಾರ ಕಣ್ಣಿಗೂ ಬೀಳಲಿಲ್ಲ ಎಂಬುದು ಗಮನಿಸಬೇಕಾದ ಸಂಗತಿ. ಇಂಥ ಪ್ರಕರಣಗಳು ಜಗತ್ತಿನ ಎಲ್ಲೇ ನಡೆಯಲಿ, ಬಹುತೇಕ ಇದೇ ಜಾಡಿನಲ್ಲಿ ನಡೆಯುತ್ತವೆ.

ಏನಿದು ಅಪರಾಧ?

ಹೊರಗಿನವನು ಬೀಗ ಒಡೆದು ಹಣ ಒಯ್ದರೆ ಅದು ಕಳವು. ನಂಬಿಕೆಯಿಂದ ಕೈಗೆ ಕೊಟ್ಟ ಹಣವನ್ನೇ ಸ್ವಂತಕ್ಕೆ ಬಳಸಿಕೊಂಡರೆ ಅದು ನಂಬಿಕೆ ದ್ರೋಹ. ಕನ್ನಡ ಪತ್ರಿಕೆಗಳು ಇದನ್ನು 'ಹಣ ದುರುಪಯೋಗ' ಎಂದು ಬರೆಯುತ್ತವೆ, ಮಾತಿನಲ್ಲಿ 'ಗುಳುಂ'. ಸೊಲ್ಲಾಪುರ, ಅಕ್ಕಲಕೋಟೆಯ ಓದುಗರು ಮರಾಠಿ ಪತ್ರಿಕೆಗಳಲ್ಲಿ 'ಅಪಹಾರ' ಎಂಬ ಪದ ನೋಡಿರುತ್ತಾರೆ. ಕಾಸರಗೋಡಿನವರಿಗೆ 'ತಿರಿಮರಿ', ಹೊಸೂರು, ತಾಳವಾಡಿಯವರಿಗೆ 'ಕೈಯಾಡಲ್', ಆದೋನಿ, ಮಡಕಶಿರಾ ಕಡೆಯವರಿಗೆ 'ನಿಧುಲ ದುರ್ವಿನಿಯೋಗಂ'. ಹೆಸರು ಬೇರೆಯಾದರೂ ಕೆಲಸ ಒಂದೇ. ಬೇಲಿಯೇ ಎದ್ದು ಹೊಲ ಮೇಯುವ ಕೆಲಸ.

ಹೆಡ್‌ಫೋನ್ ಕಂಪನಿಯ ಕಥೆ

ಖಾಸಗಿ ಕಂಪನಿಗಳ ವಿಷಯದಲ್ಲಿ ಹೆಚ್ಚು ಚರ್ಚೆಯಾದ ಪ್ರಕರಣಗಳಲ್ಲಿ ಒಂದು ಅಮೆರಿಕದ ಮಿಲ್ವಾಕಿ ನಗರದ ಕಾಸ್ ಕಾರ್ಪೊರೇಷನ್ನಿನದು. 1958ರಲ್ಲಿ ಸ್ಟೀರಿಯೊ ಹೆಡ್‌ಫೋನ್ ತಯಾರಿಸಿ ಹೆಸರಾದ ಈ ಕುಟುಂಬದ ಕಂಪನಿಯ ಷೇರುಗಳು ಸಾರ್ವಜನಿಕರ ಕೈಯಲ್ಲೂ ಇದ್ದವು. ಹಣಕಾಸು ವಿಭಾಗದ ಉಪಾಧ್ಯಕ್ಷೆ ಸುಜಾತಾ ಸಚದೇವ 1992ರಿಂದ ಅಲ್ಲಿದ್ದವರು. ಕಂಪನಿಯ ವರ್ಷದ ಮಾರಾಟ ಸುಮಾರು 4 ಕೋಟಿ ಡಾಲರ್. ಆಕೆ ವರ್ಷಗಟ್ಟಲೆ ನುಂಗಿದ ಹಣ ಒಟ್ಟು ಸುಮಾರು 3.4 ಕೋಟಿ ಡಾಲರ್, ಅಂದಿನ ದರದಲ್ಲಿ 150 ಕೋಟಿ ರೂಪಾಯಿಗೂ ಹೆಚ್ಚು!

ಆಕೆ ಮಾಡಿದ್ದು ಬಹಳ ಸರಳ. ತನ್ನ ಸ್ವಂತ ಕ್ರೆಡಿಟ್ ಕಾರ್ಡಿನ ಬಾಕಿಯನ್ನು ಕಂಪನಿಯ ಖಾತೆಯಿಂದ ನೇರವಾಗಿ ಕಟ್ಟುತ್ತಿದ್ದಳು. ದುಬಾರಿ ಬಟ್ಟೆ ಅಂಗಡಿಗಳಿಗೆ ಕಂಪನಿ ಹಣದಲ್ಲೇ ಬ್ಯಾಂಕ್ ಚೆಕ್ ತೆಗೆಸುತ್ತಿದ್ದಳು. ಅಂಗಡಿಯ ಪೂರ್ತಿ ಹೆಸರಿನ ಬದಲು ಮೊದಲ ಅಕ್ಷರಗಳನ್ನಷ್ಟೇ ಬರೆಸುತ್ತಿದ್ದುದರಿಂದ, ನೋಡಿದವರಿಗೆ ಅದು ಸಾಮಾನು ಪೂರೈಸುವ ಯಾವುದೋ ಸಂಸ್ಥೆಯಂತೆ ಕಾಣುತ್ತಿತ್ತು. ಹೋದ ಹಣವನ್ನು ಮುಚ್ಚಲು ಖರ್ಚು, ಆಸ್ತಿಗಳ ಲೆಕ್ಕ ಉಬ್ಬಿಸಲಾಗುತ್ತಿತ್ತು, ಮಾರಾಟದ ಲೆಕ್ಕ ಕುಗ್ಗಿಸಲಾಗುತ್ತಿತ್ತು. ದೊಡ್ಡ ಮೊತ್ತದ ಪಾವತಿಗೆ ಮುಖ್ಯಸ್ಥರ ಒಪ್ಪಿಗೆ ಬೇಕೆಂಬ ನಿಯಮ ಕಂಪನಿಯಲ್ಲಿತ್ತು. ಆದರೆ ಬ್ಯಾಂಕ್ ಚೆಕ್ಕಿಗೂ ನೇರ ವರ್ಗಾವಣೆಗೂ ಅದು ಅನ್ವಯವಾಗುತ್ತಿರಲಿಲ್ಲ. ಇಡೀ ಬಾಗಿಲು ತೆರೆದಿದ್ದದ್ದೇ ಅಲ್ಲಿ.

ಆಕೆಯ ಶೋಕಿ ಗುಟ್ಟಾಗಿರಲಿಲ್ಲ. ಗಂಡ ವೈದ್ಯ, ಅನುಕೂಲಸ್ಥ ಮನೆತನ, ಇರಬಹುದು ಎಂದು ಜೊತೆಗಿದ್ದವರು ಅಂದುಕೊಂಡರು. ವರ್ಷ ವರ್ಷ ಬಂದುಹೋಗುವ ಆಡಿಟರುಗಳೂ ಹಿಡಿಯಲಿಲ್ಲ. ಕೊನೆಗೆ 2009ರ ಡಿಸೆಂಬರ್‌ನಲ್ಲಿ ಎಚ್ಚರಿಸಿದ್ದು ಕಾರ್ಡ್ ಕಂಪನಿ ಅಮೆರಿಕನ್ ಎಕ್ಸ್‌ಪ್ರೆಸ್. ಒಬ್ಬರ ಸ್ವಂತ ಕಾರ್ಡಿನ ಬಾಕಿ ಕಂಪನಿಯ ಖಾತೆಯಿಂದ ಬರುತ್ತಿದೆ ಎಂದು ಅದು ಮುಖ್ಯಸ್ಥ ಮೈಕೆಲ್ ಕಾಸ್ ಅವರಿಗೆ ತಿಳಿಸಿತು. ತನಿಖೆಯಲ್ಲಿ ವಶವಾದ ಬಟ್ಟೆ, ಚಪ್ಪಲಿ, ಒಡವೆ, ಕೈಚೀಲಗಳ ಸಂಖ್ಯೆ 22 ಸಾವಿರಕ್ಕೂ ಹೆಚ್ಚು. ಎಷ್ಟೋ ವಸ್ತುಗಳ ಬೆಲೆ ಚೀಟಿಯನ್ನೂ ಕಿತ್ತಿರಲಿಲ್ಲ. 2010ರ ನವೆಂಬರ್‌ನಲ್ಲಿ ಆಕೆಗೆ 11 ವರ್ಷ ಜೈಲು ಶಿಕ್ಷೆಯಾಯಿತು. ಲೆಕ್ಕಪತ್ರ ತಪ್ಪಾಗಿದ್ದ ವರ್ಷಗಳಲ್ಲಿ ಪಡೆದಿದ್ದ ಬೋನಸ್ ಹಣವನ್ನು ಮೈಕೆಲ್ ಕಾಸ್ ಹಿಂದಿರುಗಿಸಬೇಕಾಯಿತು. ಅವರು ಕದ್ದಿರಲಿಲ್ಲ, ಆದರೆ ನೋಡಬೇಕಾದವರು ಅವರೇ ಆಗಿದ್ದರು.

ಹಣ ಹೊರಹೋಗುವ ದಾರಿಗಳು

ದಾರಿಗಳು ಹೆಚ್ಚಿಲ್ಲ. ಮೊದಲನೆಯದು, ಮೇಲೆ ಹೇಳಿದಂತೆ, ಸ್ವಂತ ಸಾಲವನ್ನು ಸಂಸ್ಥೆಯ ಖಾತೆಯಿಂದ ತೀರಿಸುವುದು.

ಎರಡನೆಯದು ಸುಳ್ಳು ಬಿಲ್ಲು. ಸಾಮಾನು ಪೂರೈಸುವ ಸಂಸ್ಥೆಯೆಂದು ಹೆಸರು ಸೃಷ್ಟಿಸಿ, ಬಾರದ ಸಾಮಾನಿಗೆ ಬಿಲ್ಲು ಹಾಕಿ, ತಾನೇ ಮಂಜೂರು ಮಾಡುವುದು. ಅಮೆರಿಕದ ಜಾರ್ಜಿಯಾ ರಾಜ್ಯದ ಸ್ಮಿರ್ನಾದಲ್ಲಿರುವ ಅಮೆಜಾನ್ ಗೋದಾಮಿನ ವ್ಯವಸ್ಥಾಪಕಿಯೊಬ್ಬಳು ಹೀಗೆ ಸುಮಾರು 94 ಲಕ್ಷ ಡಾಲರ್ ಹೊಡೆದಳು. ಆ ಹಣದಲ್ಲಿ ಬಂಗಲೆ, ಲಂಬೋರ್ಗಿನಿ, ಟೆಸ್ಲಾ, ಪೋರ್ಷೆ ಕಾರುಗಳು ಬಂದವು. 2023ರಲ್ಲಿ 16 ವರ್ಷ ಜೈಲಾಯಿತು, ಕಾರು, ಬಂಗಲೆಗಳನ್ನು ಸರಕಾರ ವಶಪಡಿಸಿಕೊಂಡಿತು.

ಮೂರನೆಯದು ಸದಸ್ಯರ ಹೆಸರಿನಲ್ಲಿ ಸುಳ್ಳು ಸಾಲ. ಕಾಸರಗೋಡು ಜಿಲ್ಲೆಯ ಕಾರಡ್ಕದ ಕೃಷಿಕರ ಸಹಕಾರಿ ಸಂಘವೊಂದರಲ್ಲಿ 2024ರ ಮೇ ತಿಂಗಳಲ್ಲಿ ಕೇಳಿಬಂದ ಆರೋಪ ಇದೇ. ಚಿನ್ನವನ್ನೇ ಅಡವಿಡದೆ ಸದಸ್ಯರ ಹೆಸರಿನಲ್ಲಿ ಚಿನ್ನದ ಸಾಲ ಬರೆದು 4.76 ಕೋಟಿ ರೂಪಾಯಿ ತೆಗೆಯಲಾಗಿದೆ ಎಂದು ಸಂಘದ ಕಾರ್ಯದರ್ಶಿಯ ಮೇಲೆ ದೂರು ದಾಖಲಾಯಿತು. ಇಂಥ ಸಾಲದಲ್ಲಿ ಹೆಸರು ಯಾರದ್ದಿದೆಯೋ ಅವರಿಗೇ ಗೊತ್ತಿರುವುದಿಲ್ಲ ಎಂಬುದೇ ಅಪಾಯ.

ನಾಲ್ಕನೆಯದು ಸಂಭಾಜಿನಗರದಲ್ಲಿ ನಡೆಯಿತೆನ್ನಲಾದ ಬಗೆ. ಖಾತೆಯ ಇಮೇಲ್, ಮೊಬೈಲ್ ಸಂಖ್ಯೆ ಬದಲಿಸಿ ಕೀಲಿಕೈಯನ್ನೇ ಕೈಗೆ ತೆಗೆದುಕೊಳ್ಳುವುದು.

ನಾಲ್ಕರಲ್ಲೂ ಸಮಾನವಾದದ್ದು ಒಂದಿದೆ. ಹಣ ಕೊಡುವವರು, ಲೆಕ್ಕ ಬರೆಯುವವರು, ಬ್ಯಾಂಕಿನ ಲೆಕ್ಕದೊಂದಿಗೆ ತಾಳೆ ನೋಡುವವರು ಒಬ್ಬರೇ ಆಗಿರುತ್ತಾರೆ.

ಶೋಕಿ ಏಕೆ? ಕೇಳುವವರಿಲ್ಲವೇಕೆ?

ಅಮೆರಿಕದ ಅಪರಾಧಶಾಸ್ತ್ರಜ್ಞ ಡೊನಾಲ್ಡ್ ಕ್ರೆಸ್ಸಿ ನಂಬಿಕೆ ದ್ರೋಹಕ್ಕಾಗಿ ಜೈಲು ಸೇರಿದವರನ್ನು ಮಾತಾಡಿಸಿ 1953ರಲ್ಲಿ ಒಂದು ಪುಸ್ತಕ ಪ್ರಕಟಿಸಿದರು. ಯಾರಿಗೂ ಹೇಳಿಕೊಳ್ಳಲಾಗದ ಹಣದ ತಾಪತ್ರಯ, ಕದಿಯಲು ಸಿಕ್ಕ ಅವಕಾಶ, 'ಸಾಲವಾಗಿ ತಗೊಂಡೆ, ಆಮೇಲೆ ಕಟ್ಟುತ್ತೇನೆ' ಎಂಬ ಸಮಾಧಾನ: ಈ ಮೂರೂ ಕೂಡಿದಾಗ ಮನುಷ್ಯ ಜಾರುತ್ತಾನೆ ಎಂಬುದು ಅವರ ಕಾಣ್ಕೆ. ಮೊದಲ ಸಲ ಸಿಕ್ಕಿಬೀಳದಿದ್ದರೆ ಎರಡನೆಯದು ಸುಲಭ. ಬಂದ ಹಣ ದುಡಿದದ್ದಲ್ಲವಾದ್ದರಿಂದ ಹೋಗುವುದೂ ಬೇಗ.

ವಂಚನೆ ಪತ್ತೆಗಾರರ ಅಂತಾರಾಷ್ಟ್ರೀಯ ಸಂಘ ಎಸಿಎಫ್‌ಇ ಎರಡು ವರ್ಷಕ್ಕೊಮ್ಮೆ ಇಂಥ ಪ್ರಕರಣಗಳ ವರದಿ ತರುತ್ತದೆ. 2024ರ ವರದಿಯಲ್ಲಿ ಆರೋಪಿಗಳ ನಡವಳಿಕೆಯಲ್ಲಿ ಮೊದಲೇ ಕಂಡ ಸೂಚನೆಗಳ ಪೈಕಿ 'ಆದಾಯಕ್ಕೆ ಮೀರಿದ ಬದುಕು' ಮೊದಲ ಸ್ಥಾನದಲ್ಲಿದೆ, ಸುಮಾರು ಶೇ. 39 ಪ್ರಕರಣಗಳಲ್ಲಿ. ಹಾಗಿದ್ದೂ ಕೇಳುವವರಿಲ್ಲ. ಮಾವನ ಮನೆಯ ಆಸ್ತಿ ಬಂತಂತೆ, ಜಾಗ ಮಾರಿದರಂತೆ, ತಮ್ಮ ಗಲ್ಫ್‌ನಲ್ಲಿದ್ದಾನಂತೆ ಎಂದು ಜನರೇ ಕಾರಣ ಹುಡುಕಿಕೊಡುತ್ತಾರೆ. ಸಂಘದ ಕಾರ್ಯದರ್ಶಿ ಜಾತ್ರೆಗೆ ದೊಡ್ಡ ದೇಣಿಗೆ ಕೊಟ್ಟರೆ ಕೈ ಮುಗಿಯುತ್ತಾರೆಯೇ ಹೊರತು ಎಲ್ಲಿಂದ ಬಂತು ಎನ್ನುವುದಿಲ್ಲ.

ಫೋಟೋ ಸಾಕ್ಷಿಯಾಗುವುದೇ?

ಈಗ ಶೋಕಿ ಊರಿಗಷ್ಟೇ ಅಲ್ಲ, ಮೊಬೈಲಿನಲ್ಲಿ ಲೋಕಕ್ಕೇ ಕಾಣುತ್ತದೆ. ಹೀಗೆ ತೋರಿಸಿಕೊಂಡು ಸಿಕ್ಕಿಬಿದ್ದವರಲ್ಲಿ ಹೆಸರಾದವನು ದುಬೈಯಲ್ಲಿದ್ದ ನೈಜೀರಿಯಾದ ರೇಮನ್ ಅಬ್ಬಾಸ್, ಅಲಿಯಾಸ್ ಹಶ್‌ಪಪ್ಪಿ. ಈತ ಯಾವ ಕಂಪನಿಯ ನೌಕರನೂ ಅಲ್ಲ, ಇಮೇಲ್ ಮೂಲಕ ಕಂಪನಿಗಳನ್ನು ವಂಚಿಸುವ ಜಾಲದವನು. ಇನ್‌ಸ್ಟಾಗ್ರಾಮಿನಲ್ಲಿ 20 ಲಕ್ಷಕ್ಕೂ ಹೆಚ್ಚು ಮಂದಿಗೆ ಖಾಸಗಿ ವಿಮಾನ, ಕಾರು, ವಾಚುಗಳನ್ನು ತೋರಿಸುತ್ತಿದ್ದ. ಅಮೆರಿಕದ ಎಫ್‌ಬಿಐ ಆ ಖಾತೆಗೆ ಕೊಟ್ಟಿದ್ದ ಇಮೇಲ್, ಫೋನ್ ಸಂಖ್ಯೆ, ಹುಟ್ಟುಹಬ್ಬದ ಫೋಟೋಗಳನ್ನೇ ಹಿಡಿದು ಆತನ ಗುರುತು ಖಚಿತಪಡಿಸಿಕೊಂಡಿತು. 2020ರ ಜೂನ್‌ನಲ್ಲಿ ದುಬೈಯಲ್ಲಿ ಬಂಧನ, 2022ರ ನವೆಂಬರ್‌ನಲ್ಲಿ ಅಮೆರಿಕದ ನ್ಯಾಯಾಲಯದಿಂದ 11 ವರ್ಷ 3 ತಿಂಗಳ ಜೈಲು.

ಆದರೆ ಕಾರಿನ ಫೋಟೋ ಒಂದೇ ಯಾರನ್ನೂ ಕಳ್ಳನೆಂದು ಸಾಬೀತು ಮಾಡುವುದಿಲ್ಲ. ಕಾರು ಬಾಡಿಗೆಯದ್ದಿರಬಹುದು, ಸಾಲದ್ದಿರಬಹುದು, ನಿಜಕ್ಕೂ ಮಾವನದ್ದೇ ಇರಬಹುದು. ಪುರಾವೆಯಾಗುವುದು ಬ್ಯಾಂಕ್ ಲೆಕ್ಕ, ಬಿಲ್ಲು, ಸಹಿ. ಫೋಟೋ ಹೇಳುವುದು ಲೆಕ್ಕ ನೋಡಿ ಎಂದಷ್ಟೇ. ಆದ್ದರಿಂದ ಅನುಮಾನ ಬಂದವರು ವಾಟ್ಸಾಪಿನಲ್ಲಿ ಹೆಸರು ಹರಡುವ ಬದಲು ಲೆಕ್ಕ ಕೇಳುವುದು ಒಳ್ಳೆಯದು.

ಕಾನೂನು ಏನು ಹೇಳುತ್ತದೆ?

2024ರ ಜುಲೈ 1ರಿಂದ ಭಾರತೀಯ ದಂಡ ಸಂಹಿತೆಯ ಜಾಗದಲ್ಲಿ ಭಾರತೀಯ ನ್ಯಾಯ ಸಂಹಿತೆ ಜಾರಿಯಲ್ಲಿದೆ. ಅದರ 316ನೇ ಕಲಂ ನಂಬಿಕೆ ದ್ರೋಹಕ್ಕೆ ಸಂಬಂಧಿಸಿದ್ದು. ಗುಮಾಸ್ತ ಅಥವಾ ನೌಕರ ಮಾಡಿದರೆ 7 ವರ್ಷದವರೆಗೆ ಜೈಲು. ಸರಕಾರಿ ನೌಕರ, ಬ್ಯಾಂಕರ್, ವ್ಯಾಪಾರಿ ಅಥವಾ ಏಜೆಂಟ್ ಮಾಡಿದರೆ 10 ವರ್ಷದವರೆಗೆ ಅಥವಾ ಜೀವಾವಧಿ. ಲೆಕ್ಕ ಪುಸ್ತಕ ತಿದ್ದಿದರೆ 344ನೇ ಕಲಂ ಪ್ರಕಾರ ಪ್ರತ್ಯೇಕವಾಗಿ 7 ವರ್ಷದವರೆಗೆ. ಕಂಪನಿಗಳ ವಿಷಯದಲ್ಲಿ 2013ರ ಕಂಪನಿ ಕಾಯ್ದೆಯ 447ನೇ ಕಲಂ ಕೂಡ ಇದೆ.

ಗಡಿಯ ಜನರಿಗೆ ಉಪಯುಕ್ತವಾದ ಇನ್ನೊಂದು ಮಾತು. ಮನೆ ಒಂದು ರಾಜ್ಯದಲ್ಲಿ, ಹಣ ಇಟ್ಟ ಸಂಘ ಇನ್ನೊಂದು ರಾಜ್ಯದಲ್ಲಿ ಇದ್ದರೆ 'ನಮ್ಮ ಠಾಣೆಗೆ ಬರುವುದಿಲ್ಲ' ಎಂದು ಪೊಲೀಸರು ವಾಪಸ್ ಕಳಿಸುವಂತಿಲ್ಲ. ಹೊಸ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಪ್ರಕಾರ ಅಪರಾಧ ಎಲ್ಲಿ ನಡೆದಿದ್ದರೂ ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. ಇದನ್ನೇ 'ಜೀರೋ ಎಫ್‌ಐಆರ್' ಎನ್ನುವುದು. ಎರಡು ರಾಜ್ಯಗಳಲ್ಲಿ ವ್ಯವಹಾರ ಮಾಡುವ ಸಂಘ ಬಹುರಾಜ್ಯ ಸಹಕಾರಿ ಕಾಯ್ದೆಯಡಿ ನೋಂದಣಿಯಾಗಿದ್ದರೆ, ಅದರ ಮೇಲ್ವಿಚಾರಣೆ ರಾಜ್ಯದ ರಿಜಿಸ್ಟ್ರಾರರದ್ದಲ್ಲ, ಕೇಂದ್ರ ರಿಜಿಸ್ಟ್ರಾರರದ್ದು. ಸಂಘದ ಫಲಕದ ಮೇಲಿನ ನೋಂದಣಿ ಸಂಖ್ಯೆ ನೋಡಿ ಮೊದಲೇ ತಿಳಿದುಕೊಂಡರೆ ಅಲೆದಾಟ ತಪ್ಪುತ್ತದೆ.

ನಷ್ಟ ಯಾರ ತಲೆಗೆ?

ದೊಡ್ಡ ಕಂಪನಿಯಾದರೆ ವಿಮೆ, ವಕೀಲರು ಇರುತ್ತಾರೆ. ಊರಿನ ಸಂಘದಲ್ಲಿ ಹೋಗುವುದು ಮಗಳ ಮದುವೆಗೆಂದು, ಬೋರ್‌ವೆಲ್ಲಿಗೆಂದು ಇಟ್ಟ ಹಣ. ಸಹಕಾರಿ ಬ್ಯಾಂಕುಗಳ ಠೇವಣಿಗೆ ಒಬ್ಬರಿಗೆ 5 ಲಕ್ಷ ರೂಪಾಯಿವರೆಗೆ ಠೇವಣಿ ವಿಮೆ ಇದೆ. ಅದು ಸಿಗುವುದೂ ಬ್ಯಾಂಕ್ ಮುಚ್ಚಿದಾಗ ಅಥವಾ ಹಣ ತೆಗೆಯದಂತೆ ನಿರ್ಬಂಧ ಬಿದ್ದಾಗ ಮಾತ್ರ. ಪ್ರಾಥಮಿಕ ಕೃಷಿ ಪತ್ತಿನ ಸಂಘಗಳಿಗೆ ಈ ವಿಮೆಯೇ ಅನ್ವಯಿಸುವುದಿಲ್ಲ. ಫಲಕದಲ್ಲಿ 'ಬ್ಯಾಂಕ್' ಎಂದು ಬರೆದ ಮಾತ್ರಕ್ಕೆ ಅದು ರಿಸರ್ವ್ ಬ್ಯಾಂಕಿನ ಪರವಾನಗಿ ಪಡೆದ ಬ್ಯಾಂಕ್ ಆಗುವುದಿಲ್ಲ. ಹಣ ಇಡುವ ಮೊದಲೇ ಕೇಳಿ ತಿಳಿಯಬೇಕಾದ ಸಂಗತಿಯಿದು.

ತಡೆಯುವುದು ಹೇಗೆ?

ಎಸಿಎಫ್‌ಇಯ 2024ರ ವರದಿಯಂತೆ, ಪತ್ತೆಯಾದ ವಂಚನೆಗಳಲ್ಲಿ ಶೇ. 43ರಷ್ಟು ಬಯಲಾದದ್ದು ಯಾರೋ ಒಬ್ಬರು ಕೊಟ್ಟ ಸುಳಿವಿನಿಂದ. ಹೊರಗಿನ ಆಡಿಟರುಗಳಿಂದ ಬಯಲಾದದ್ದು ಶೇ. 3 ಮಾತ್ರ. ಆಡಿಟ್ ಆಗಿದೆ ಎಂದು ನಿಶ್ಚಿಂತೆಯಿಂದ ಇರುವುದು ಸರಿಯಲ್ಲ ಎಂದಾಯಿತು. ಹಾಲಿನ ಡೇರಿ, ಪತ್ತಿನ ಸಂಘ, ಸ್ತ್ರೀಶಕ್ತಿ ಗುಂಪು, ದೇವಸ್ಥಾನ ಸಮಿತಿ, ಸಣ್ಣ ಕಂಪನಿ ಎಲ್ಲಕ್ಕೂ ಹೊಂದುವ ಕೆಲವು ಕ್ರಮಗಳು ಹೀಗಿವೆ:

- ಚೆಕ್ಕಿಗೂ ನೆಟ್ ಬ್ಯಾಂಕಿಂಗಿಗೂ ಇಬ್ಬರ ಒಪ್ಪಿಗೆ ಕಡ್ಡಾಯವಿರಲಿ. ಒಟಿಪಿ ಬರುವ ಫೋನು ಲೆಕ್ಕ ಬರೆಯುವವರ ಕೈಯಲ್ಲಿರಬಾರದು.

- ಬ್ಯಾಂಕಿನಿಂದ ಬರುವ ಸ್ಟೇಟ್‌ಮೆಂಟ್ ನೇರವಾಗಿ ಅಧ್ಯಕ್ಷರಿಗೆ ಅಥವಾ ಒಬ್ಬ ನಿರ್ದೇಶಕರಿಗೆ ಬರಲಿ. ತಿಂಗಳಿಗೊಮ್ಮೆ ಅದನ್ನು ಕೀರ್ದಿ ಪುಸ್ತಕದೊಂದಿಗೆ ತಾಳೆ ನೋಡಲಿ.

- ಹಣ ನೋಡಿಕೊಳ್ಳುವವರು ವರ್ಷಕ್ಕೆ ಎರಡು ವಾರವಾದರೂ ರಜೆ ಹಾಕಲಿ, ಆಗ ಬೇರೆಯವರು ಲೆಕ್ಕ ನೋಡಲಿ. 'ಒಂದು ದಿನವೂ ರಜೆ ಹಾಕದ ನಿಷ್ಠಾವಂತ' ಎಂಬ ಹೊಗಳಿಕೆಯಲ್ಲಿ ಅಪಾಯವೂ ಇದೆ. ಅಮೆರಿಕದ ಡಿಕ್ಸನ್ ಪಟ್ಟಣದ ಲೆಕ್ಕಾಧಿಕಾರಿ ರೀಟಾ ಕ್ರಂಡ್‌ವೆಲ್ 1990ರಿಂದ ಪಟ್ಟಣದ 5.37 ಕೋಟಿ ಡಾಲರ್ ನುಂಗಿ ಕುದುರೆ ಸಾಕಿದ್ದು ಬಯಲಾದದ್ದು, 2011ರಲ್ಲಿ ಆಕೆ ರಜೆಯಲ್ಲಿದ್ದಾಗ ಸಹೋದ್ಯೋಗಿ ಬ್ಯಾಂಕ್ ಸ್ಟೇಟ್‌ಮೆಂಟುಗಳನ್ನು ತರಿಸಿ ನೋಡಿದ್ದರಿಂದ.

- ಅಡವಿಟ್ಟ ಚಿನ್ನವನ್ನು ಮುನ್ಸೂಚನೆ ಇಲ್ಲದೆ ಆಗಾಗ ತೂಗಿ ನೋಡಲಿ.

- ಸದಸ್ಯರು ತಮ್ಮ ಪಾಸ್‌ಬುಕ್ ತಾವೇ ಇಟ್ಟುಕೊಂಡು ಮೂರು ತಿಂಗಳಿಗೊಮ್ಮೆ ನಮೂದಿಸಲಿ. ತಮ್ಮ ಹೆಸರಿನಲ್ಲಿ ಎಷ್ಟು ಸಾಲವಿದೆ ಎಂದು ಬರಹದಲ್ಲಿ ಕೇಳಿ ಪಡೆಯಲಿ.

ವಾರ್ಷಿಕ ಮಹಾಸಭೆಯ ನೋಟಿಸು ಬಂದಾಗ ಊಟದ ಹೊತ್ತಿಗೆ ಹೋಗಿ ಸಹಿ ಹಾಕಿ ಬರುವವರೇ ಹೆಚ್ಚು. ಆ ದಿನ ಜಮಾ ಖರ್ಚಿನ ಪಟ್ಟಿ, ಆಡಿಟ್ ವರದಿ, ಬಾಕಿದಾರರ ಪಟ್ಟಿ ಮೂರನ್ನೂ ಕೇಳಿ ಓದುವ ಹಕ್ಕನ್ನು ಸದಸ್ಯರು ಬಳಸಿಕೊಳ್ಳಬೇಕು. ಲೆಕ್ಕ ಸರಿ ಇರುವ ಕಾರ್ಯದರ್ಶಿಗೆ ಆ ಪ್ರಶ್ನೆಯಿಂದ ಬೇಸರವಾಗಬೇಕಾಗಿಲ್ಲ, ನಾಳೆ ಆತನ ಮೇಲೆ ಸುಳ್ಳು ಆರೋಪ ಬಂದರೆ ಕಾಯುವುದೂ ಅದೇ ಲೆಕ್ಕ.