ಖಾಲಿ ಚೌಕದ ಅರ್ಥ: ವ್ಯವಹಾರ ವರದಿಗಳ ಆಯ್ಕೆ ಪರದೆ ಕುರಿತು ಒಂದು ಭಿನ್ನಮತ

ರಾಶಿ ಬಿದ್ದ ಮಾಹಿತಿಯಿಂದ ಬೇಕಾದಷ್ಟನ್ನೇ ಸೋಸಿಕೊಡುವ ಪರದೆ ಹೇಗಿರಬೇಕು? ಕಂಪ್ಯೂಟರ್ ವಿಜ್ಞಾನಿ ಬೆನ್ ಶ್ನೈಡರ್‌ಮನ್ 1994ರಲ್ಲಿ ಐಇಇಇ ಸಾಫ್ಟ್‌ವೇರ್ ಪತ್ರಿಕೆಯಲ್ಲಿ ಇದಕ್ಕೊಂದು ಉತ್ತರ ಕೊಟ್ಟರು. ಫಾರ್ಮ್ ತುಂಬಿ, ಗುಂಡಿ ಒತ್ತಿ, ಕಾಯುವ ಕ್ರಮವನ್ನು ಬಿಡಬೇಕು; ಎಲ್ಲವನ್ನೂ ಮೊದಲೇ ತೆರೆಯ ಮೇಲೆ ತೋರಿಸಬೇಕು; ಬಳಕೆದಾರ ಸ್ಲೈಡರ್ ಸರಿಸಿದ ಹಾಗೆ ಫಲಿತಾಂಶವೂ ಆ ಕ್ಷಣವೇ ಬದಲಾಗಬೇಕು. 'ಡೈನಮಿಕ್ ಕ್ವೆರಿ' ಎಂದು ಹೆಸರಾದ ಈ ವಿಚಾರ ಇಂದಿನ ಹಲವು ಡ್ಯಾಶ್‌ಬೋರ್ಡುಗಳಿಗೆ ಮೂಲ. ವ್ಯವಹಾರ ವರದಿಗಳ ಮಟ್ಟಿಗೆ ಮಾತ್ರ ಇದನ್ನು ಪೂರ್ತಿ ಒಪ್ಪಲು ನನ್ನಿಂದ ಆಗುತ್ತಿಲ್ಲ. ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನಲ್ಲಿ, ಅಲ್ಲಿನವರ ಬಾಯಲ್ಲಿ 'ಡಿಐಪಿ'ಯಲ್ಲಿ, ವರದಿಗಳನ್ನು ಕಟ್ಟುವ ಕೆಲಸದಲ್ಲಿ ಕಂಡದ್ದೇ ಈ ಭಿನ್ನಮತಕ್ಕೆ ಆಧಾರ.

ಹಿಂದಿನ ಅಧ್ಯಯನಗಳನ್ನು ಚುಟುಕಾಗಿ ನೆನೆಯಬಹುದು. ಐಬಿಎಂನ ಮೋಶೆ ಝ್ಲೂಫ್ 1975ರಲ್ಲಿ ಮಂಡಿಸಿದ 'ಕ್ವೆರಿ ಬೈ ಎಗ್ಸಾಂಪಲ್' ಪದ್ಧತಿಯಲ್ಲಿ ಬಳಕೆದಾರ ಕೋಷ್ಟಕದ ಖಾಲಿ ಅಚ್ಚಿನಲ್ಲಿ ಬೇಕಾದ ಕಡೆ ಮಾದರಿಯನ್ನು ಬರೆಯುತ್ತಿದ್ದ. ಬರೆಯದೆ ಬಿಟ್ಟ ಅಂಕಣಕ್ಕೆ ಯಾವ ಕಟ್ಟುಪಾಡೂ ಇರಲಿಲ್ಲ. ಎಸ್‌ಎಪಿ ವ್ಯವಹಾರ ತಂತ್ರಾಂಶದ ಸೆಲೆಕ್ಷನ್ ಸ್ಕ್ರೀನ್ ನಡೆಯುವುದೂ ಅದೇ ಸಂಪ್ರದಾಯದಲ್ಲಿ. ಅಲ್ಲಿ ಪ್ರತಿ ಆಯ್ಕೆಯೂ ಸೇರಿಸಬೇಕೋ ಬಿಡಬೇಕೋ, ಯಾವ ಬಗೆಯ ಹೋಲಿಕೆ, ಕೆಳಮಿತಿ, ಮೇಲ್ಮಿತಿ ಎಂಬ ನಾಲ್ಕು ಅಂಕಣಗಳ ಪುಟ್ಟ ಕೋಷ್ಟಕವಾಗಿ ನಿಲ್ಲುತ್ತದೆ. ಕೋಷ್ಟಕ ಖಾಲಿಯಿದ್ದರೆ ನಿರ್ಬಂಧವೇ ಇಲ್ಲ. ಶ್ನೈಡರ್‌ಮನ್ ಬಳಗ 1992ರಲ್ಲಿ ವಾಷಿಂಗ್ಟನ್ನಿನ ಮಾರಾಟದ ಮನೆಗಳನ್ನು ಹುಡುಕುವ 'ಹೋಮ್‌ಫೈಂಡರ್' ಮಾಡಿತು. 1994ರಲ್ಲಿ ಕ್ರಿಸ್ಟೋಫರ್ ಆಲ್ಬರ್ಗ್ ಜೊತೆಯಲ್ಲಿ 'ಫಿಲ್ಮ್‌ಫೈಂಡರ್' ಬಂತು. ಇಷ್ಟರ ಬಗ್ಗೆ ಯಾರಿಗೂ ತಕರಾರಿಲ್ಲ.

ತಕರಾರು ಹುಟ್ಟುವುದು ಆ ಪ್ರಯೋಗಗಳು ಹೇಳದೆಯೇ ಇಟ್ಟುಕೊಂಡ ಒಂದು ಗ್ರಹಿಕೆಯಲ್ಲಿ. ಮನೆ ಹುಡುಕುವವನೇ ಸ್ಲೈಡರ್ ಸರಿಸುತ್ತಾನೆ, ಅವನೇ ಫಲಿತಾಂಶ ನೋಡುತ್ತಾನೆ. ತಪ್ಪಿದ್ದರೆ ಅವನ ಕಣ್ಣಿಗೇ ಬೀಳುತ್ತದೆ, ಅವನ ಕೈಯೇ ತಿದ್ದುತ್ತದೆ. ಎಂದರೆ ಆಯ್ಕೆ ತುಂಬುವವನೂ ಫಲಿತಾಂಶ ಓದುವವನೂ ಒಬ್ಬನೇ.

ಡಿಐಪಿಯಲ್ಲಿ ಹಾಗಿಲ್ಲ. ಜೆಬೆಲ್ ಅಲಿಯ ಮಗ್ಗುಲಲ್ಲಿ ಸುಮಾರು 2,300 ಹೆಕ್ಟೇರ್ ಹರಡಿರುವ ಈ ಪ್ರದೇಶದಲ್ಲಿ ಕಾರ್ಖಾನೆ, ಗೋಡೌನ್, ಕಚೇರಿ, ಕಾರ್ಮಿಕರ ವಸತಿ ಎಲ್ಲವೂ ಒಟ್ಟಿಗಿವೆ. ಗೋಡೌನಿನ ಮೂಲೆಯ ಕ್ಯಾಬಿನ್‌ನಲ್ಲಿ ಸ್ಟೋರ್‌ಕೀಪರ್ ಆಯ್ಕೆ ಪರದೆಯ ಚೌಕಗಳನ್ನು ತುಂಬಿ ವರದಿ ತೆಗೆಯುತ್ತಾನೆ. ಅದು ಪಿಡಿಎಫ್ ಆಗಿಯೋ ಎಕ್ಸೆಲ್ ಆಗಿಯೋ ಲೆಕ್ಕಪತ್ರದವರಿಗೆ, ಅಲ್ಲಿಂದ ಮಾಲೀಕರಿಗೆ, ಕೆಲವೊಮ್ಮೆ ಲೆಕ್ಕಪರಿಶೋಧಕರಿಗೆ ಹೋಗುತ್ತದೆ. ಓದುವವನು ಆ ಪರದೆಯನ್ನು ನೋಡಿಯೇ ಇರುವುದಿಲ್ಲ.

ಒಂದು ತಿಂಗಳ ಕೊನೆಯಲ್ಲಿ ಕಂಡದ್ದನ್ನು ಹತ್ತಿರದಿಂದ ವಿವರಿಸುತ್ತೇನೆ. ಪರದೆಯ ಮೇಲೆ ದಿನಾಂಕದ ಎರಡು ಚೌಕ, ಕೆಳಗೆ ಗ್ರಾಹಕ, ಬಿಲ್ಲಿನ ಸ್ಥಿತಿ, ಸೇಲ್ಸ್‌ಮ್ಯಾನ್ ಎಂಬ ಮೂರು ಚೌಕ. ಕುಂದಾಪುರ ಕಡೆಯ ಸ್ಟೋರ್‌ಕೀಪರ್ ದಿನಾಂಕಗಳನ್ನಷ್ಟೇ ತುಂಬಿ ಉಳಿದ ಮೂರನ್ನು ಹಾಗೇ ಬಿಟ್ಟ. "ಖಾಲಿ ಬಿಟ್ರೆ ಎಲ್ಲಾ ಬರ್ತದೆ ಸರ್" ಎಂದ. ಮರುದಿನ ವರದಿ ಹಿಡಿದು ಬಂದ ಧಾರವಾಡದ ಅಕೌಂಟೆಂಟ್, "ಎಲ್ಲಾ ಅಂದ್ರ ರದ್ದಾದ ಬಿಲ್ಲೂ ಬಂದಾವಲ್ಲೋ ತಮ್ಮಾ" ಎಂದರು. ಗ್ರಾಹಕರ ಚೌಕ ಖಾಲಿಯಿದ್ದದ್ದರಿಂದ ಎಲ್ಲ ಗ್ರಾಹಕರೂ ಬಂದಿದ್ದರು, ಅದು ಬೇಕಾದದ್ದೇ. ಸ್ಥಿತಿಯ ಚೌಕ ಖಾಲಿಯಿದ್ದದ್ದರಿಂದ ರದ್ದಾದ ಬಿಲ್ಲುಗಳೂ ಅಂತಿಮವಾಗದ ಕರಡುಗಳೂ ಮೊತ್ತದಲ್ಲಿ ಸೇರಿಕೊಂಡಿದ್ದವು. ಸೇಲ್ಸ್‌ಮ್ಯಾನ್ ಚೌಕದ ಕತೆ ಇನ್ನೂ ಸೂಕ್ಷ್ಮ. ಖಾಲಿ ಬಿಟ್ಟಾಗ 'ಯಾವುದಾದರೂ ಆಗಬಹುದು' ಎಂಬ ಶೇಕಡಾ ಚಿಹ್ನೆಯನ್ನು ಹೋಲಿಕೆಗೆ ಕಳುಹಿಸುವಂತೆ ಪ್ರೋಗ್ರಾಂ ಬರೆದಿದ್ದರು. ಎಸ್‌ಕ್ಯೂಎಲ್‌ನಲ್ಲಿ ಆ ಚಿಹ್ನೆ ಯಾವ ಹೆಸರಿಗೂ ಹೊಂದುತ್ತದೆ, ಆದರೆ ಹೆಸರೇ ದಾಖಲಾಗದ 'ನಲ್' ಸಾಲಿಗೆ ಹೊಂದುವುದಿಲ್ಲ. ಕೌಂಟರಿನಲ್ಲಿ ನೇರವಾಗಿ ಆದ ಮಾರಾಟಕ್ಕೆ ಸೇಲ್ಸ್‌ಮ್ಯಾನ್ ಇರಲಿಲ್ಲ. ಆ ಸಾಲುಗಳೆಲ್ಲ ಸದ್ದಿಲ್ಲದೆ ಬಿದ್ದುಹೋಗಿದ್ದವು.

ಒಂದೇ ಪರದೆಯ ಮೇಲೆ ಒಂದೇ ಬಗೆಯ ಮೂರು ಖಾಲಿ ಚೌಕ. ಒಂದು ಸರಿಯಾಗಿ ನಡೆದುಕೊಂಡಿತು, ಒಂದು ಬೇಡದ್ದನ್ನು ಸೇರಿಸಿತು, ಒಂದು ಬೇಕಾದದ್ದನ್ನು ಬಿಟ್ಟಿತು. ತುಂಬಿದವನ ಮಾತಿನಲ್ಲಿ ಮೂರಕ್ಕೂ ಒಂದೇ ಅರ್ಥ, 'ಎಲ್ಲಾ'. ಕನ್ನಡದ ಲೋಪಸಂಧಿಯಲ್ಲಿ ಊರು, ಅಲ್ಲಿ ಎರಡೂ ಕೂಡಿ 'ಊರಲ್ಲಿ' ಆದಾಗ ಬಿದ್ದುಹೋದ ಸ್ವರ ಯಾವುದೆಂದು ಓದುಗ ಬಲ್ಲ. ಅದಕ್ಕೇ ಆ ಲೋಪ ತೊಡಕಾಗುವುದಿಲ್ಲ. ಖಾಲಿ ಚೌಕದ ಲೋಪವನ್ನು ತುಂಬಿಕೊಳ್ಳಲು ವರದಿಯ ಓದುಗನಿಗೆ ಅಂಥ ಯಾವ ಸೂತ್ರವೂ ಇಲ್ಲ.

ತುಂಬಿದ ಚೌಕವೂ ಇದರಿಂದ ಹೊರತಲ್ಲ. ಎರಡನೆಯ ಸಾಕ್ಷ್ಯ ಬರುವುದು 'ಕಳೆದ ವಾರ' ಎಂಬ ಸಿದ್ಧ ಆಯ್ಕೆಯಿಂದ. ಸಂಯುಕ್ತ ಅರಬ್ ಸಂಸ್ಥಾನದ ಸರ್ಕಾರಿ ವಾರಾಂತ್ಯ 2022ರ ಜನವರಿ 1ರಿಂದ ಶುಕ್ರವಾರ-ಶನಿವಾರದ ಬದಲು ಶನಿವಾರ-ಭಾನುವಾರಕ್ಕೆ ಬದಲಾಯಿತು. ಶುಕ್ರವಾರ ಅರ್ಧ ದಿನದ ಕೆಲಸವಾಯಿತು. ಖಾಸಗಿ ಸಂಸ್ಥೆಗಳಲ್ಲೂ ಹಲವು ಅದನ್ನೇ ಅನುಸರಿಸಿದವು. ಹಾಗೆ ಬದಲಾದ ಒಂದು ಸಂಸ್ಥೆಯನ್ನು ತೆಗೆದುಕೊಂಡು ಕ್ಯಾಲೆಂಡರ್ ಬಿಡಿಸಿ ಎಣಿಸೋಣ. ಹಳೆಯ ಕ್ರಮದ ಕೊನೆಯ ಕೆಲಸದ ವಾರ 2021ರ ಡಿಸೆಂಬರ್ 26ರ ಭಾನುವಾರದಿಂದ 30ರ ಗುರುವಾರದವರೆಗೆ. ಹೊಸ ಕ್ರಮದ ಮೊದಲ ವಾರ ಜನವರಿ 3ರ ಸೋಮವಾರದಿಂದ 7ರ ಶುಕ್ರವಾರದವರೆಗೆ. ಭಾನುವಾರದಿಂದ ವಾರ ಎಣಿಸುವ ಪರದೆಯಲ್ಲಿ ಎರಡೂ ವಾರಕ್ಕೆ ಐದೈದು ಕೆಲಸದ ದಿನ ಸಿಗುತ್ತವೆ. ಐಎಸ್‌ಒ 8601 ಹೇಳುವಂತೆ ಸೋಮವಾರದಿಂದ ಎಣಿಸಿದರೆ ಡಿಸೆಂಬರ್ 26ರ ಭಾನುವಾರ ಹಿಂದಿನ ವಾರದ ಬಾಲಕ್ಕೆ ಸೇರುತ್ತದೆ. ಡಿಸೆಂಬರ್ 27ರಿಂದ ಜನವರಿ 2ರವರೆಗಿನ ವಾರಕ್ಕೆ ಉಳಿಯುವುದು ನಾಲ್ಕೇ ದಿನ. ಗೋಡೌನಿನಿಂದ ಹೊರಟ ಸರಕು ದಿನದಿನಕ್ಕೆ ಒಂದಿಷ್ಟೂ ಕಡಿಮೆಯಾಗದಿದ್ದರೂ ವರದಿ ಐದರಲ್ಲೊಂದು ಪಾಲಿನ ಇಳಿತ ತೋರಿಸುತ್ತದೆ. 'ಕಳೆದ ವಾರ' ಎಂದಷ್ಟೇ ತಲೆಬರಹ ಇರುವ ಕಾಗದದಲ್ಲಿ ಈ ಇಳಿತದ ಕಾರಣ ಹುಡುಕುವುದು ಹೇಗೆ?

ಆದ್ದರಿಂದ ನನ್ನ ವಾದ ಇದು. ವ್ಯವಹಾರ ವರದಿಯ ಆಯ್ಕೆ ಪರದೆಯಲ್ಲಿ ತುಂಬಿದ್ದು, ಬಿಟ್ಟದ್ದು ಎರಡೂ ಸೇರಿ ವರದಿಯ ಹೇಳಿಕೆಯ ಭಾಗ. ತುಂಬುವವನು ಮನಸ್ಸು ಮಾಡಿ ಒತ್ತುವ ಗುಂಡಿಯೂ, ಪ್ರತಿ ಚೌಕದ ಅರ್ಥವನ್ನು ಪೂರ್ಣ ಮಾತಿನಲ್ಲಿ ಹೊತ್ತ ತಲೆಬರಹವೂ ಅಲ್ಲಿ ಇರಲೇಬೇಕು. 'ಗ್ರಾಹಕರು: ಎಲ್ಲರೂ. ಬಿಲ್ಲುಗಳು: ರದ್ದಾದವು ಮತ್ತು ಕರಡು ಬಿಟ್ಟು. ಸೇಲ್ಸ್‌ಮ್ಯಾನ್: ಎಲ್ಲರೂ, ಹೆಸರಿಲ್ಲದ ಮಾರಾಟವೂ ಸೇರಿ. ಅವಧಿ: 26-12-2021ರಿಂದ 30-12-2021, ಎರಡೂ ದಿನ ಸೇರಿ.' ಕೊನೆಯ ಮೂರು ಪದಗಳನ್ನು ಬೇಕೆಂದೇ ಇಟ್ಟಿದ್ದೇನೆ. ನಮ್ಮ ಮಾತಿನ 'ವರೆಗೆ' ಕೊನೆಯ ದಿನವನ್ನು ಒಳಗೊಳ್ಳುತ್ತದೆ. ಸಮಯವನ್ನೂ ಹೊತ್ತ ದಿನಾಂಕಕ್ಕೆ ಬರೀ ತಾರೀಖಿನ ಮೇಲ್ಮಿತಿ ಕೊಟ್ಟರೆ ಯಂತ್ರ ಆ ದಿನದ ಮಧ್ಯರಾತ್ರಿ ಸೊನ್ನೆ ಗಂಟೆಗೇ ನಿಂತುಬಿಡುತ್ತದೆ, ಇಡೀ ದಿನದ ವಹಿವಾಟು ಕಳೆದುಹೋಗುತ್ತದೆ.

ಈ ವಾದಕ್ಕೆ ಮಿತಿಗಳಿವೆ. ಮಾಲೀಕನೇ ಕುಳಿತು ತನ್ನ ದಾಸ್ತಾನನ್ನು ತಡಕಾಡುವಾಗ ಶ್ನೈಡರ್‌ಮನ್ ಹೇಳಿದ್ದು ಅಕ್ಷರಶಃ ಸರಿ. ಅಲ್ಲಿ ಗುಂಡಿ ಅಡ್ಡಿಯೇ. ಖಾಲಿ ಎಂದರೆ ಎಲ್ಲ ಎಂಬ ಝ್ಲೂಫ್ ಸಂಪ್ರದಾಯವನ್ನು ಕೈಬಿಡಬೇಕೆಂದೂ ನಾನು ಹೇಳುತ್ತಿಲ್ಲ. ಗ್ರಾಹಕ, ಸರಕಿನಂಥ ಚೌಕಗಳಿಗೆ ಅದು ಸಹಜ. ಸ್ಥಿತಿ, ಅವಧಿ, ಕಂಪನಿಯಂಥ ಚೌಕಗಳಿಗೆ ಅದು ಅಪಾಯ ಎನ್ನುವಷ್ಟಕ್ಕೇ ನನ್ನ ಮಾತು ಸೀಮಿತ. ಶ್ನೈಡರ್‌ಮನ್ ಅವರಿಗೂ ನ್ಯಾಯ ಸಲ್ಲಬೇಕು. ಮೊದಲು ಒಟ್ಟು ನೋಟ, ಆಮೇಲೆ ಹತ್ತಿರ ಹೋಗಿ ಸೋಸುವುದು, ಕೇಳಿದಾಗ ವಿವರ ಎಂಬ ಅವರ 1996ರ ಸೂತ್ರ ಎಲ್ಲರ ಬಾಯಲ್ಲಿದೆ. ಅದೇ ಲೇಖನ ಹೆಸರಿಸುವ ಏಳು ಕಾರ್ಯಗಳಲ್ಲಿ ಕೊನೆಯದು, ಸೋಸಿದ ಮಾಹಿತಿಯ ಜೊತೆ ಸೋಸಿದ ಷರತ್ತುಗಳನ್ನೂ ಹೊರತೆಗೆದುಕೊಳ್ಳುವ ಅನುಕೂಲ. ಅದನ್ನು ನೆನಪಿಟ್ಟು ಕಟ್ಟಿದ ಪರದೆಗಳು ನನ್ನ ಕಣ್ಣಿಗೆ ಬಿದ್ದದ್ದು ಬಹಳ ಕಡಿಮೆ. ನನ್ನ ಭಿನ್ನಮತ ಅವರಿಗಿಂತ ಹೆಚ್ಚಾಗಿ ಅವರನ್ನು ಅರ್ಧ ಓದಿದವರೊಡನೆ ಎಂದರೂ ಸರಿಯೇ.

ಷರತ್ತನ್ನು ಮಾತಿನಲ್ಲಿ ಬರೆದರೆ ಸಾಕೇ ಎಂಬುದು ಬೇರೆ ಪ್ರಶ್ನೆ, ಏಕೆಂದರೆ ಮಾತಿನ ಅರ್ಥವೂ ಬದಲಾಗುತ್ತದೆ. ಸಂಯುಕ್ತ ಅರಬ್ ಸಂಸ್ಥಾನದಲ್ಲಿ 2018ರ ಜನವರಿ 1ರಿಂದ ಶೇಕಡಾ 5ರ ವ್ಯಾಟ್ ಇದೆ. ರಿಟರ್ನ್‌ನಲ್ಲಿ ಸಾಮಾನ್ಯ ದರದ ಮಾರಾಟವನ್ನು ಏಳು ಎಮಿರೇಟ್‌ಗಳಿಗೆ ಏಳು ಸಾಲಾಗಿ ಹಂಚಬೇಕು. ಡಿಐಪಿಯ ಗೋಡೌನಿನಿಂದ ಶಾರ್ಜಾಕ್ಕೆ ಹೋದ ಸರಕು, ಮಾರಿದ ಸಂಸ್ಥೆಯ ನೆಲೆ ದುಬೈ ಆದ್ದರಿಂದ, ದುಬೈ ಸಾಲಿಗೆ ಸೇರುತ್ತಿತ್ತು. 2023ರ ಜುಲೈ 1ರಿಂದ, ವರ್ಷಕ್ಕೆ 10 ಕೋಟಿ ದಿರ್ಹಮ್ ಮೀರಿದ ಇ-ಕಾಮರ್ಸ್ ಮಾರಾಟ ಇರುವವರು ಅಂಥ ಮಾರಾಟವನ್ನು ಸರಕು ತಲುಪಿದ ಎಮಿರೇಟ್‌ನ ಸಾಲಿಗೆ ಹಾಕಬೇಕಾಯಿತು. ಪರದೆಯ ಮೇಲಿನ 'ಎಮಿರೇಟ್' ಎಂಬ ಚೌಕದ ಹೆಸರು ಮಾತ್ರ ಹಾಗೇ ಇತ್ತು. ಅದನ್ನು 'ಮಾರಿದವರ ಎಮಿರೇಟ್', 'ತಲುಪಿದ ಎಮಿರೇಟ್' ಎಂದು ಎರಡಾಗಿ ಒಡೆಯಬೇಕೆಂಬುದು ನನ್ನ ಸಲಹೆ. ಚೌಕಗಳು ಹೆಚ್ಚಿದಷ್ಟೂ ತುಂಬುವವನು ಎಲ್ಲವನ್ನೂ ಖಾಲಿ ಬಿಡುವ ಸಂಭವವೂ ಹೆಚ್ಚು ಎಂಬ ಆಕ್ಷೇಪಕ್ಕೆ ನನ್ನಲ್ಲಿ ಪೂರ್ಣ ಉತ್ತರವಿಲ್ಲ.

ನಲವತ್ತು ಗ್ರಾಹಕರನ್ನು ಒಬ್ಬೊಬ್ಬರಾಗಿ ಆರಿಸಿದಾಗ ತಲೆಬರಹ ಎಲ್ಲರ ಹೆಸರನ್ನೂ ಹೇಳಬೇಕೇ, ಸಂಖ್ಯೆ ಹೇಳಿದರೆ ಸಾಕೇ ಎಂಬುದೂ ತೀರ್ಮಾನವಾಗಬೇಕಿದೆ. ಅರಬ್ಬಿ ಪರದೆಯಲ್ಲಿ ಬಲದಿಂದ ಎಡಕ್ಕೆ ಸಾಗುವ ಆರಂಭ, ಅಂತ್ಯದ ಚೌಕಗಳನ್ನು ಎಡದಿಂದ ಓದಿ ರೂಢಿಯಾದ ನಮ್ಮವರು ಹೇಗೆ ತುಂಬುತ್ತಾರೆಂಬುದನ್ನು ಕುಳಿತು ಗಮನಿಸಬೇಕು. ಇನ್ನು ಕಪಾಟಿನಲ್ಲಿರುವ ಹಳೆಯ ವರದಿಗಳು. ವ್ಯಾಟ್ ನಿಯಮದಂತೆ ದಾಖಲೆಗಳನ್ನು ಕನಿಷ್ಠ ಐದು ವರ್ಷ ಇಡಬೇಕು; ಅವುಗಳ ಷರತ್ತುಗಳನ್ನು 'ವೇರಿಯಂಟ್' ಎಂಬ ಉಳಿಸಿಟ್ಟ ಆಯ್ಕೆಗಳಿಂದ ಮರಳಿ ಕಟ್ಟಬಹುದೆಂದು ಮೊದಲು ನಂಬಿದ್ದೆ. ಆದರೆ 'ಕಳೆದ ವಾರ' ಎಂದು ಉಳಿಸಿದ ವೇರಿಯಂಟ್ ತೆರೆದ ದಿನಕ್ಕೆ ತಕ್ಕ ವಾರವನ್ನೇ ತೋರಿಸುತ್ತದೆ. ವರದಿ ತೆಗೆದ ದಿನಾಂಕವನ್ನಾದರೂ ಮುದ್ರಿಸಿದ ಕಾಗದಗಳಿಂದ ಆ ಕೆಲಸ ಶುರುವಾಗಬೇಕೇನೋ.